ವಿದ್ಯುತ್ ತಂತಿಯ ಅಂಗಿ: ಸೆಖೆಯೋ, ತಂಪೋ?

ಬೆಂಕಿ ಅನಾಹುತದ ಸುದ್ದಿ ಬರೆಯುವಾಗ ಕೊನೆಯ ವಾಕ್ಯ ತಾನಾಗಿಯೇ ಬಂದುಬಿಡುತ್ತದೆ: ‘ಶಾರ್ಟ್ ಸರ್ಕಿಟ್ ಬೆಂಕಿಗೆ ಕಾರಣ ಎನ್ನಲಾಗಿದೆ.’ ವರದಿಗಾರನಾದ ಈ ಕೆಲವು ವರ್ಷಗಳಲ್ಲಿ ನಾನೂ ಎಷ್ಟು ಸಲ ಹೀಗೆ ಬರೆದಿದ್ದೇನೋ ಲೆಕ್ಕವಿಲ್ಲ. ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ಕಿಡಿ ಹಾರುತ್ತದೆ, ನಿಜ. ಆದರೆ ತಾಗದಂತೆ ತಡೆಯಲೆಂದೇ ಅವುಗಳ ಮೈಮೇಲೆ ಹೊದಿಕೆ ಇತ್ತಲ್ಲ, ಅದು ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ನಾನು ಯಾವ ಅಧಿಕಾರಿಗೂ ಕೇಳಿದ್ದಿಲ್ಲ. ನನಗೇ ಅದು ಹೊಳೆದದ್ದು ಚಿಕ್ಕಪ್ಪನ ಮನೆಯ ಗೃಹಪ್ರವೇಶದ ದಿನ.

ಅಡುಗೆಯವರು ಹಿತ್ತಿಲಲ್ಲಿ ಒಲೆ ಹೂಡಿದ್ದರು. ಕೈ ತೊಳೆಯಲು, ಪಾತ್ರೆಗೆ ಬಿಸಿನೀರು ಬೇಕೆಂದು 2 ಕಿಲೋವ್ಯಾಟಿನ ಕಾಯಿಲ್ ಒಂದನ್ನು ಡ್ರಮ್ಮಿಗೆ ಇಳಿಬಿಟ್ಟರು. ಅದಕ್ಕೆ ವಿದ್ಯುತ್ ಒದಗಿಸಿದ್ದು ಬಾಡಿಗೆಗೆ ತಂದ ಎಕ್ಸ್‌ಟೆನ್ಶನ್ ರೀಲು. ಮೂರು ನಾಲ್ಕು ಮಾರು ಬಿಚ್ಚುವಷ್ಟರಲ್ಲಿ ಹಿತ್ತಿಲು ಮುಟ್ಟಿತು. ಉಳಿದ 20 ಮೀಟರಿನಷ್ಟು ವೈರು ರೀಲಿನಲ್ಲೇ ಸುತ್ತಿಕೊಂಡಿತ್ತು. ಯಾರೋ ಜಮಖಾನವೊಂದನ್ನು ಮಡಿಸಿ ಅದರ ಮೇಲಿಟ್ಟರು. ಹೋಮದ ಹೊಗೆಯ ನಡುವೆ ಬೇರೊಂದು ಕಮಟು ವಾಸನೆ ಬಂದದ್ದು ಒಂದೆರಡು ಗಂಟೆಯ ನಂತರ. ಪ್ಲಗ್ಗು ಕಿತ್ತು ಜಮಖಾನ ಸರಿಸಿ ನೋಡಿದರೆ ರೀಲಿನ ಒಳಸುತ್ತುಗಳೆಲ್ಲ ಒಂದಕ್ಕೊಂದು ಅಂಟಿ ಬೆಲ್ಲದ ಅಚ್ಚಿನಂತಾಗಿದ್ದವು. ಹೊರಗೆ ಎಳೆದಿದ್ದ ಮೂರು ನಾಲ್ಕು ಮಾರು ಮಾತ್ರ ಹೊಸದರಂತೆಯೇ ಇತ್ತು! ಅದೇ ವೈರು, ಅದೇ ಪ್ರವಾಹ. ಗೋಡೆಯಲ್ಲಿದ್ದ ಎಂಸಿಬಿ ಮಿಸುಕಿರಲಿಲ್ಲ.

ಮನೆಯ ವೈರಿಂಗ್ ಮಾಡಿದ್ದ ಹಿರಿಯ ಎಲೆಕ್ಟ್ರಿಷಿಯನ್ ಊಟಕ್ಕೆ ಬಂದಿದ್ದರು. ರೀಲನ್ನು ತಿರುಗಿಸಿ ನೋಡಿ, ‘ಇದು ಕರೆಂಟು ಜಾಸ್ತಿಯಾಗಿ ಸುಟ್ಟಿದ್ದಲ್ಲ ಸಾರ್, ಉಸಿರುಕಟ್ಟಿ ಸುಟ್ಟಿದ್ದು. ಪೂರ್ತಿ ಬಿಚ್ಚಿ ಹಾಕಿದ್ದಿದ್ರೆ ಏನೂ ಆಗ್ತಿರ್ಲಿಲ್ಲ’ ಎಂದರು. ಅವರ ಆ ‘ಉಸಿರುಕಟ್ಟಿ’ ಎಂಬ ಮಾತಿನ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಈ ಲೇಖನ.

ಲೆಕ್ಕ ಕಷ್ಟದ್ದೇನಲ್ಲ. ಇಂಗ್ಲೆಂಡಿನಲ್ಲಿ ಬಿಯರ್ ತಯಾರಿಸುವವರ ಮನೆಯಲ್ಲಿ ಹುಟ್ಟಿದ ಜೇಮ್ಸ್ ಜೌಲ್ 1840ರ ಸುಮಾರಿಗೆ ಕಂಡುಕೊಂಡ ನಿಯಮವೊಂದಿದೆ: ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಮನೆಗಳಲ್ಲಿ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿದರೆ ಪ್ರತಿ ಮೀಟರಿಗೆ ಮುಕ್ಕಾಲು ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. 20 ಆಂಪಿಯರ್ ಹರಿದರೆ ಮೂರು ವ್ಯಾಟ್. ನಮ್ಮ ರೀಲಿನದು ಇನ್ನೂ ತೆಳುವಾದ, 1 ಚದರ ಮಿಲಿಮೀಟರಿನ ವೈರು. 2 ಕಿಲೋವ್ಯಾಟಿನ ಕಾಯಿಲ್ ಎಳೆಯುವುದು 9 ಆಂಪಿಯರಿಗೆ ತುಸು ಕಡಿಮೆ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಸೇರಿಸಿದರೆ ಮೀಟರಿಗೆ ಸುಮಾರು ಮೂರು ವ್ಯಾಟ್. 20 ಮೀಟರಿಗೆ 60 ವ್ಯಾಟ್. ಉರಿಯುವ 60 ವ್ಯಾಟಿನ ಹಳೆಯ ಕಾಲದ ಬಲ್ಬೊಂದನ್ನು ಜಮಖಾನದ ಕೆಳಗೆ ಮುಚ್ಚಿಟ್ಟಂತಾಯಿತು. ಬಲ್ಬು ಹಾಗಿಡುವ ಮೂರ್ಖರು ನಾವಲ್ಲ. ಆದರೆ ವೈರನ್ನು ಇಟ್ಟೆವು.

ಇಲ್ಲಿಯವರೆಗೆ ಎಲ್ಲವೂ ಸಾಮಾನ್ಯ ತಿಳಿವಳಿಕೆಗೆ ಒಪ್ಪುತ್ತದೆ. ಹೊದ್ದಿಸಿದರೆ ಬಿಸಿ ಏರುತ್ತದೆ, ಕಂಬಳಿ ಹೊದ್ದವನಿಗೆ ಗೊತ್ತಿರುವುದೇ. ಹಾಗಿದ್ದರೆ ತಂತಿಗೆ ಮೊದಲೇ ಹಾಕಿರುವ ಪ್ಲಾಸ್ಟಿಕ್ ಹೊದಿಕೆಯೂ ಕಂಬಳಿಯೇ ಅಲ್ಲವೇ? ಅದನ್ನು ಸುಲಿದು ತೆಗೆದರೆ ತಂತಿ ತಣ್ಣಗಿರಬೇಕಲ್ಲ? ನಾನೂ ಹಾಗೆಯೇ ಎಣಿಸಿದ್ದೆ. ಆದರೆ ನಡೆಯುವುದು ತಿರುಗಾಮುರುಗಾ. ಒಂದೇ ಕೋಣೆಯ ಗಾಳಿಯಲ್ಲಿ, ಒಂದೇ ಪ್ರವಾಹ ಹೊತ್ತ ಎರಡು ತೆಳು ತಂತಿಗಳಲ್ಲಿ ಬರಿಮೈಯ ತಂತಿಯೇ ಹೆಚ್ಚು ಕಾಯುತ್ತದೆ. ಅಂಗಿ ತೊಟ್ಟದ್ದು ತಂಪಾಗಿರುತ್ತದೆ.

ಇದರ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಚಿತ್ರಾನ್ನ ಕಲೆಸುವ ಮೊದಲು ಬಿಸಿ ಅನ್ನವನ್ನು ಪಾತ್ರೆಯಿಂದ ಅಗಲವಾದ ತಟ್ಟೆಗೆ ಹರವುತ್ತಾರೆ. ಹೋಟೆಲಿನಲ್ಲಿ ಅವಸರವಿದ್ದವರು ಕಾಫಿಯನ್ನು ಬಸಿಗೆ ಸುರಿದು ಕುಡಿಯುತ್ತಾರೆ. ಗಾಳಿಗೆ ತೆರೆದ ಮೈ ಹೆಚ್ಚಿದಷ್ಟೂ ಬಿಸಿ ಬೇಗ ಆರುತ್ತದೆ. 2.5 ಚದರ ಮಿಲಿಮೀಟರಿನ ತಂತಿಯ ವ್ಯಾಸ 1.8 ಮಿಲಿಮೀಟರಿನಷ್ಟು. ಸುತ್ತ 0.8 ಮಿಲಿಮೀಟರ್ ದಪ್ಪದ ಪಿವಿಸಿ ಹಾಕಿದರೆ ವ್ಯಾಸ 3.4 ಮಿಲಿಮೀಟರ್. ಗಾಳಿ ತಾಗುವ ಮೈ ಹೆಚ್ಚುಕಡಿಮೆ ಎರಡರಷ್ಟಾಯಿತು. ಶಾಖ ಪ್ಲಾಸ್ಟಿಕ್ಕನ್ನು ದಾಟಿಕೊಂಡು ಹೊರಬರಬೇಕು, ನಿಜ. ಆದರೆ ಆ ದಾರಿ ತೀರ ಚಿಕ್ಕದು. 20 ಆಂಪಿಯರ್ ಹರಿಯುವಾಗಲೂ ತಾಮ್ರಕ್ಕೂ ಹೊದಿಕೆಯ ಹೊರಮೈಗೂ ಇರುವ ಬಿಸಿಯ ಅಂತರ ಸುಮಾರು ಎರಡು ಡಿಗ್ರಿ ಅಷ್ಟೆ. ನಿಜವಾದ ಅಡ್ಡಗೋಡೆ ಪ್ಲಾಸ್ಟಿಕ್ಕಲ್ಲ, ತಂತಿಗೆ ಅಂಟಿಕೊಂಡಂತೆ ನಿಂತಿರುವ ಗಾಳಿಯ ತೆಳುಪದರ. ಹೊದಿಕೆ ಆ ಗೋಡೆಯಲ್ಲಿ ಬಾಗಿಲನ್ನು ಅಗಲ ಮಾಡಿಕೊಡುತ್ತದೆ.

ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ. ಉಜ್ಜಿ ಬೆಳಗಿದ ತಾಮ್ರ ನೋಡಲು ಚೆಂದ, ಆದರೆ ಶಾಖವನ್ನು ವಿಕಿರಣದ ಮೂಲಕ ಹೊರಚೆಲ್ಲುವುದರಲ್ಲಿ ಮಹಾ ಜಿಪುಣ. ಪಿವಿಸಿ ಯಾವ ಬಣ್ಣದ್ದಾದರೂ ಈ ವಿಷಯದಲ್ಲಿ ಧಾರಾಳಿ.

ಹಾಗೆಂದು ಹೊದಿಕೆಯನ್ನು ದಪ್ಪ ಮಾಡುತ್ತ ಹೋದರೆ ತಂತಿ ತಂಪಾಗುತ್ತಲೇ ಹೋಗುವುದಿಲ್ಲ. ಒಂದು ಮಿತಿಯ ನಂತರ ದಾಟಬೇಕಾದ ಪ್ಲಾಸ್ಟಿಕ್ಕಿನ ದಾರಿಯೇ ಉದ್ದವಾಗಿ, ಮೈ ಹೆಚ್ಚಿದ ಲಾಭವನ್ನು ತಿಂದುಹಾಕುತ್ತದೆ. ಇಂಜಿನಿಯರುಗಳು ಇದನ್ನು ಕ್ರಾಂತಿಕ ತ್ರಿಜ್ಯ ಎನ್ನುತ್ತಾರೆ. ನಿಶ್ಚಲ ಗಾಳಿಯಲ್ಲಿ ಪಿವಿಸಿಗೆ ಇದು ಸ್ಥೂಲವಾಗಿ ಒಂದೂವರೆ ಸೆಂಟಿಮೀಟರ್. ಮನೆಯ ವೈರುಗಳು ಆ ಮಿತಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ತಾರಸಿಯ ಮೇಲಿನ ಸೌರ ಹೀಟರಿನ ಕೊಳವೆಗೆ ಸುತ್ತುವ ನೊರೆಯಂಥ ಹೊದಿಕೆಯದು ಬೇರೆ ಕಥೆ. ಅದರ ತುಂಬ ಗಾಳಿಯ ಗುಳ್ಳೆಗಳು, ಶಾಖ ದಾಟುವುದೇ ದುಸ್ತರ. ಅದರ ಕ್ರಾಂತಿಕ ತ್ರಿಜ್ಯ ಕೆಲವೇ ಮಿಲಿಮೀಟರ್, ಕೊಳವೆಯ ಗಾತ್ರವೇ ಅದನ್ನು ಮೀರಿರುತ್ತದೆ. ಹಾಗಾಗಿ ಅಲ್ಲಿ ಮೊದಲ ಸುತ್ತಿನಿಂದಲೇ ಬಿಸಿ ಉಳಿಯುತ್ತದೆ. ನಮ್ಮ ರೀಲಿನ ಮೇಲಿದ್ದ ಜಮಖಾನವೂ ಈ ಜಾತಿಯದೇ.

ಓದುಗರು ಕೇಳಬಹುದು: ಹೊದಿಕೆ ತಂತಿಯನ್ನು ತಣಿಸುತ್ತದೆ ಎಂದಮೇಲೆ ಸುಡುವುದು ಯಾಕೆ? ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಮೈಮೇಲಿನ ಸಾಧಾರಣ ಪಿವಿಸಿ ದಿನವಹಿ ತಾಳಬಲ್ಲದ್ದು 70 ಡಿಗ್ರಿ. ವೈರಿನ ಸಾಮರ್ಥ್ಯ ಇಷ್ಟು ಆಂಪಿಯರ್ ಎಂದು ಬರೆದಿರುತ್ತಾರಲ್ಲ, ಅದು ಲೋಹದ ಶಕ್ತಿಯಲ್ಲ, ಅಂಗಿಯ ತಾಳ್ಮೆ. ಅದೇ ತಾಮ್ರಕ್ಕೆ 90 ಡಿಗ್ರಿ ತಾಳುವ ಎಕ್ಸ್‌ಎಲ್‌ಪಿಇ ಎಂಬ ಹೊದಿಕೆ ಹಾಕಿದರೆ ಲೆಕ್ಕವೇ ಬದಲಾಗುತ್ತದೆ. ಅಂತರರಾಷ್ಟ್ರೀಯ ಕೋಷ್ಟಕಗಳ ಪ್ರಕಾರ ಗೋಡೆಯ ಮೇಲಿನ ಕೊಳವೆಯಲ್ಲಿ ಸಾಗುವ 2.5 ಚದರ ಮಿಲಿಮೀಟರಿನ ಪಿವಿಸಿ ತಂತಿಗೆ 24 ಆಂಪಿಯರ್, ಎಕ್ಸ್‌ಎಲ್‌ಪಿಇ ತಂತಿಗೆ 31. ತಾಮ್ರ ಒಂದು ಎಳೆಯೂ ಹೆಚ್ಚಿಲ್ಲ.

ಹಾಗೆ ನೋಡಿದರೆ ವಿದ್ಯುತ್ತಿನ ಇತಿಹಾಸದಲ್ಲಿ ತಾಮ್ರದ ಕಥೆ ಸಪ್ಪೆ, ಅಂಗಿಯ ಕಥೆಯೇ ರಂಗುರಂಗಿನದು. ಮೈಕೆಲ್ ಫ್ಯಾರಡೆ 1831ರಲ್ಲಿ ತನ್ನ ಪ್ರಸಿದ್ಧ ಉಂಗುರಕ್ಕೆ ತಂತಿ ಸುತ್ತುವಾಗ ಸುತ್ತುಗಳ ನಡುವೆ ಇಟ್ಟದ್ದು ಹುರಿದಾರ ಮತ್ತು ಹತ್ತಿಬಟ್ಟೆ. ಕಲ್ಕತ್ತೆಯಲ್ಲಿ ವೈದ್ಯಕೀಯ ಪ್ರಾಧ್ಯಾಪಕನಾಗಿದ್ದ ವಿಲಿಯಂ ಓಶಾನಸಿ 1839ರಲ್ಲಿ ಹೂಗ್ಲಿ ನದಿಯ ನೀರಿನೊಳಗೆ ಟೆಲಿಗ್ರಾಫ್ ತಂತಿ ಹಾಯಿಸಲು ಸೀಳಿದ ಬೆತ್ತವನ್ನೂ ಡಾಂಬರನ್ನೂ ನೆಚ್ಚಿಕೊಂಡ. ಮಲಯದ ಕಾಡುಮರದ ಹಾಲಿನಿಂದ ಬರುವ ಗಟ್ಟಾ ಪರ್ಚಾ 1840ರ ದಶಕದಲ್ಲಿ ಯೂರೋಪು ತಲಪಿತು. ಬಿಸಿನೀರಿನಲ್ಲಿ ಮೆದುವಾಗಿ, ಆರಿದಾಗ ಗಟ್ಟಿಯಾಗುವ ಈ ವಸ್ತುವನ್ನು ತಂತಿಯ ಮೇಲೆ ಬೆಸುಗೆಯಿಲ್ಲದೆ ಒತ್ತುವ ಯಂತ್ರವನ್ನು ವೆರ್ನರ್ ಸೀಮೆನ್ಸ್ 1847ರಲ್ಲಿ ರೂಪಿಸಿದ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹೋದ ಮೊದಲ ಕೇಬಲ್ಲುಗಳ ಮೈಮೇಲಿದ್ದದ್ದು ಇದೇ. ಸಮುದ್ರದಾಳದ ಚಳಿ ಅದಕ್ಕೆ ಹಿತ. ಅಲ್ಲಿ ಹರಿಯುತ್ತಿದ್ದದ್ದು ತಂತಿ ಸಂದೇಶದ ಅಲ್ಪ ಪ್ರವಾಹ, ಕಾಯುವ ಪ್ರಶ್ನೆಯೇ ಇರಲಿಲ್ಲ.

ದೀಪಕ್ಕೆಂದು ದೊಡ್ಡ ಪ್ರವಾಹ ಹರಿಸತೊಡಗಿದ ಮೇಲೆ ಮೆದುವಾಗುವ ಅಂಗಿ ಸಾಲದಾಯಿತು. ಥಾಮಸ್ ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುತ್ ಕೇಂದ್ರದಿಂದ ಹೊರಟ ತಾಮ್ರದ ಸರಳುಗಳಿಗೆ ಹಗ್ಗ ಸುತ್ತಿ, ಕಬ್ಬಿಣದ ಕೊಳವೆಗಿಳಿಸಿ, ಸುತ್ತ ಡಾಂಬರಿನಂಥ ಪಾಕ ಸುರಿಸಿದ. ಲಂಡನ್ನಿನಲ್ಲಿ ಸೆಬಾಸ್ಟಿಯನ್ ಫೆರಾಂಟಿ ಮೇಣದಲ್ಲಿ ಅದ್ದಿದ ಕಂದು ಕಾಗದ ಸುತ್ತಿ 10 ಸಾವಿರ ವೋಲ್ಟ್ ತಡೆದ. ಅಧಿಕಾರಿಗಳಿಗೆ ಧೈರ್ಯ ಬರಲೆಂದು, ವಿದ್ಯುತ್ ಹರಿಯುತ್ತಿದ್ದ ಕೇಬಲ್ಲಿಗೆ ಉಳಿ ಹೊಡೆಸಿ ತೋರಿಸಿದ. ಉಳಿ ಹಿಡಿದು ನಿಂತವನು ಫೆರಾಂಟಿಯಲ್ಲ, ಅವನ ಸಹಾಯಕ! ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ.

ಮನೆಯೊಳಗೆ ಬಹುಕಾಲ ಆಳಿದ್ದು ರಬ್ಬರು. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಸಾಗುತ್ತಿದ್ದ, ಮೇಲೊಂದು ನೂಲಿನ ಹೆಣಿಗೆಯಿದ್ದ ವೈರನ್ನು ಹಿರಿಯರು ನೋಡಿರುತ್ತಾರೆ. ಅದನ್ನು ಸುಲಿದರೆ ಒಳಗೆ ಕೆಂಪು ತಾಮ್ರದ ಬದಲು ಬೆಳ್ಳಗಿನ ತಂತಿ ಕಾಣುತ್ತಿತ್ತು. ರಬ್ಬರನ್ನು ಹದಗೊಳಿಸಲು ಬೆರೆಸಿದ ಗಂಧಕ ತಾಮ್ರವನ್ನು ತಿನ್ನುತ್ತದೆಂದು, ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಮಾಡುವಂತೆ, ಆ ತಂತಿಗೂ ಕಲಾಯಿ ಹಾಕುತ್ತಿದ್ದರು. ಬಿಸಿ ತಾಗಿ ತಾಗಿ ವರ್ಷಗಳು ಕಳೆದಂತೆ ಆ ರಬ್ಬರು ಒಣ ಹಪ್ಪಳದಂತಾಗಿ, ಮುಟ್ಟಿದರೆ ಉದುರುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಮಲಯವನ್ನು ಹಿಡಿದಾಗ ರಬ್ಬರಿಗೆ ಬರ ಬಂತು. ಆ ಜಾಗಕ್ಕೆ ಬಂದು ಕೂತ ಪಿವಿಸಿ ಮತ್ತೆ ಏಳಲಿಲ್ಲ.

ಪಿವಿಸಿಯೂ ಮುದಿಯಾಗುತ್ತದೆ. ಹುಟ್ಟಿನಿಂದ ಅದು ಗಡಸು. ಬಾಗಲೆಂದು ಅದಕ್ಕೆ ಎಣ್ಣೆಯಂಥ ಮೆದುಕಾರಕಗಳನ್ನು ಬೆರೆಸುತ್ತಾರೆ. ಬಿಸಿ ಏರಿದಂತೆ ಅವು ಮೆಲ್ಲನೆ ಹೊರಗೆ ಆರಿಹೋಗುತ್ತವೆ. ತಾಳುವ ಮಟ್ಟಕ್ಕಿಂತ 8ರಿಂದ 10 ಡಿಗ್ರಿ ಹೆಚ್ಚು ಬಿಸಿಯಾದರೆ ಹೊದಿಕೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಇಂಜಿನಿಯರುಗಳ ಹಳೆಯ ಅಂದಾಜು. ಯಾವತ್ತೋ ಒಂದು ದಿನ, ಬಾಗಿದ ಕಡೆ ಸೀಳು ಬಿಡುತ್ತದೆ. ನಾವು ಬರೆಯುವ ‘ಶಾರ್ಟ್ ಸರ್ಕಿಟ್’ ಸಂಭವಿಸುವುದು ಆ ದಿನ. ಸಡಿಲ ಜೋಡಣೆ, ಇಲಿ ಕಡಿತದಂಥ ಬೇರೆ ಕಾರಣಗಳೂ ಇವೆ. ಆದರೆ ಮೆಲ್ಲಗೆ ಬೇಯುವ ಈ ಬಗೆಯನ್ನು ಯಾರೂ ಗಮನಿಸುವುದಿಲ್ಲ.

ಅಂಗಿಯೇ ಇಲ್ಲದ ತಂತಿಯ ಮಾತಿಗೆ ಬಂದರೆ ಕನ್ನಡನಾಡಿಗೆ ಅದರೊಂದಿಗೆ ಹಳೆಯ ನಂಟು. ಶಿವನಸಮುದ್ರದ ವಿದ್ಯುತ್ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ಹೊರಟಾಗ ಸುಮಾರು 147 ಕಿಲೋಮೀಟರ್ ದೂರ ಅದನ್ನು ಹೊತ್ತದ್ದು ಬರಿಮೈಯ ತಾಮ್ರದ ತಂತಿಗಳೇ. ಆಗ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. 35 ಸಾವಿರ ವೋಲ್ಟಿನಷ್ಟು ಒತ್ತಡಕ್ಕೆ ಏರಿಸಿ ಕಳಿಸಿದ್ದರಿಂದ ತಂತಿಯಲ್ಲಿ ಹರಿಯುವ ಪ್ರವಾಹ ಸಣ್ಣದಾಯಿತು, ಶಾಖವೂ ಇಳಿಯಿತು. ಕಂಬದ ಬಳಿ ಪಿಂಗಾಣಿಯ ಬಟ್ಟಲುಗಳು, ಉಳಿದೆಡೆ ಗಾಳಿ, ಇವೇ ಅವಾಹಕಗಳು. ಪಿಂಗಾಣಿಯನ್ನು ಆಗ ಹೊರಗಿನಿಂದ ತರಿಸಬೇಕಿತ್ತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಬಂದದ್ದು 1930ರ ದಶಕದಲ್ಲಿ.

ಬಯಲಿನ ತಂತಿಗೆ ಗಾಳಿಯೇ ಬೀಸಣಿಗೆ. ಸುಡುವ ಹೊದಿಕೆ ಇಲ್ಲದ್ದರಿಂದ ಅದು ಮನೆಯ ವೈರಿಗಿಂತ ಹೆಚ್ಚು ಬಿಸಿಯಾದರೂ ನಡೆಯುತ್ತದೆ. ಅದರ ಮಿತಿ ಬೇರೆ: ಕಾದ ಲೋಹ ಹಿಗ್ಗಿ, ತಂತಿ ಜೋತುಬಿದ್ದು, ಮರದ ನೆತ್ತಿಗೆ ತಾಗುವಂತಾಗಬಾರದು. ಗಾಳಿ ನಿಂತ ಮಧ್ಯಾಹ್ನ ಹೊರಬಹುದಾದದ್ದಕ್ಕಿಂತ ಹೆಚ್ಚು ವಿದ್ಯುತ್ತನ್ನು ಗಾಳಿ ಬೀಸುವ ಸಂಜೆ ಅದು ಹೊರಬಲ್ಲದು.

ಅದೇ ವಿದ್ಯುತ್ತನ್ನು ನೆಲದೊಳಗೆ ಒಯ್ದರೆ ಹೊದಿಕೆಯೂ ಬೇಕು, ಆ ಹೊದಿಕೆಯ ಮೇಲೆ ಮಣ್ಣೆಂಬ ಇನ್ನೊಂದು ಹೊದಿಕೆಯೂ ಬೀಳುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರ 1998ರಲ್ಲಿ ಇದರ ಪಾಠ ಕಲಿಯಿತು. ನಗರದ ನಡುಭಾಗಕ್ಕೆ ವಿದ್ಯುತ್ ತರುತ್ತಿದ್ದದ್ದು ನೆಲದೊಳಗಿನ ನಾಲ್ಕು ದೊಡ್ಡ ಕೇಬಲ್ಲುಗಳು, ತಲಾ 1 ಲಕ್ಷ 10 ಸಾವಿರ ವೋಲ್ಟ್. ಆ ವರ್ಷ ಬಿಸಿಯಾದ ಒಣ ಬೇಸಿಗೆ. ಜನವರಿ 22ರಂದು ಒಂದು ಕೇಬಲ್ ಕೆಟ್ಟಿತು, ಫೆಬ್ರುವರಿ 9ರಂದು ಇನ್ನೊಂದು. ಉಳಿದೆರಡರ ಮೇಲೆ ಹೊರೆ ಹೆಚ್ಚಿತು. 19 ಮತ್ತು 20ರಂದು ಅವೂ ಮಲಗಿದವು. ಕಚೇರಿ, ಅಂಗಡಿ, ಬಹುಮಹಡಿ ಮನೆಗಳಿದ್ದ ಆ ಭಾಗ ಸುಮಾರು ಐದು ವಾರ ಜನರೇಟರುಗಳ ಗದ್ದಲದಲ್ಲಿ ಕಾಲ ಹಾಕಿತು.

ಆಮೇಲೆ ನಡೆದ ತನಿಖೆಯಲ್ಲಿ ಹೊರಬಂದ ಅಂಶಗಳಲ್ಲೊಂದು ಇದು: ಕೇಬಲ್ಲಿನ ಸುತ್ತಲಿನ ಮಣ್ಣು ವಿನ್ಯಾಸಕಾರರು ನಂಬಿದ್ದಷ್ಟು ಚೆನ್ನಾಗಿ ಶಾಖವನ್ನು ಸಾಗಹಾಕುತ್ತಿರಲಿಲ್ಲ. ಒದ್ದೆ ಮಣ್ಣಿನಲ್ಲಿ ಕಣಗಳ ನಡುವಿನ ನೀರು ಶಾಖವನ್ನು ಆಚೆ ದಾಟಿಸುತ್ತದೆ. ಒಣಗಿದರೆ ನೀರಿನ ಜಾಗಕ್ಕೆ ಗಾಳಿ ಬರುತ್ತದೆ, ಮಣ್ಣು ಕಂಬಳಿಯಾಗುತ್ತದೆ. ಕೇಬಲ್ಲಿನ ಬಿಸಿಯೇ ಸುತ್ತಲಿನ ಮಣ್ಣನ್ನು ಇನ್ನಷ್ಟು ಒಣಗಿಸುತ್ತದೆ, ಒಣಗಿದಷ್ಟೂ ಕೇಬಲ್ ಇನ್ನಷ್ಟು ಕಾಯುತ್ತದೆ. ಕೊನೆಗೆ ಆಕ್ಲೆಂಡ್‌ಗೆ ಬೆಳಕು ತಂದದ್ದು ರೈಲು ಹಳಿಯ ಪಕ್ಕದಲ್ಲಿ ಅವಸರದಿಂದ ಕಂಬ ನೆಟ್ಟು ಎಳೆದ ತಂತಿ ಮಾರ್ಗ, ನಮ್ಮ ಶಿವನಸಮುದ್ರದವರು ಮಾಡಿದ ಹಾಗೆಯೇ! ಬೆಂಗಳೂರಿನ ಬೀದಿಗಳಲ್ಲೂ ತಂತಿಗಳು ನೆಲದಡಿಗೆ ಇಳಿದಿವೆ. ಕೇಬಲ್ಲಿನ ಗುಣದ ಬಗ್ಗೆ ಮಾತಾಡುವಷ್ಟು ಅದರ ಸುತ್ತ ತುಂಬುವ ಮರಳು, ಮಣ್ಣಿನ ಬಗ್ಗೆಯೂ ಮಾತಾಡಬೇಕೆಂದು ನನ್ನ ಅನಿಸಿಕೆ. ಅಗೆದ ಗುಂಡಿಗೆ ಕಟ್ಟಡದ ಪುಡಿ ತುಂಬಿ ಮುಚ್ಚುವುದನ್ನು ಕಂಡವರಿಗೆ ಇದು ಅರ್ಥವಾದೀತು.

ಮನೆಯ ಮಟ್ಟಕ್ಕೆ ಮರಳೋಣ. ಮೇಲೆ ಹೇಳಿದ 24 ಆಂಪಿಯರ್ ಎಂಬ ಅಂಕಿ 30 ಡಿಗ್ರಿ ಸೆಖೆಯಲ್ಲಿ, ಒಂದೇ ಜೊತೆ ತಂತಿ ಕೊಳವೆಯಲ್ಲಿದ್ದಾಗ ಸಲ್ಲುವಂಥದ್ದು. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ, ಬಿಸಿಲಿಗೆ ಕಾದ ತಾರಸಿಯ ಕೆಳಗೆ 45 ಡಿಗ್ರಿ ಎಂದಿಟ್ಟುಕೊಳ್ಳಿ. ಪಿವಿಸಿಗೆ ಉಳಿದದ್ದು 70ರವರೆಗಿನ 25 ಡಿಗ್ರಿ ಮಾತ್ರ. ಕೋಷ್ಟಕ ಹೇಳುವಂತೆ ಸಾಮರ್ಥ್ಯವನ್ನು 0.79ರಿಂದ ಗುಣಿಸಬೇಕು, 19 ಆಂಪಿಯರ್ ಆಯಿತು. ಅದೇ ಕೊಳವೆಯಲ್ಲಿ ಪೂರ್ತಿ ಹೊರೆ ಹೊತ್ತ ಇನ್ನೆರಡು ಜೊತೆ ತುರುಕಿದ್ದರೆ ಮತ್ತೆ 0.7ರಿಂದ ಗುಣಿಸಿ, 13ಕ್ಕೆ ಬಂದು ನಿಲ್ಲುತ್ತದೆ. 3 ಕಿಲೋವ್ಯಾಟಿನ ಗೀಸರ್ ಒಂದಕ್ಕೇ ಅದು ಸರಿಹೋಯಿತು. ‘ಇನ್ನೊಂದು ಪೈಪು ಯಾಕೆ ಸುಮ್ಮನೆ ಖರ್ಚು’ ಎನ್ನುವ ಮಾಲೀಕರೂ ‘ಆಗುತ್ತೆ ಬಿಡಿ’ ಎನ್ನುವ ಕೆಲಸದವರೂ ಈ ಗುಣಾಕಾರ ಮಾಡುವುದು ಅಪರೂಪ.

ಕಚೇರಿಗಳ ಸುಳ್ಳು ಚಾವಣಿಯ ಮೇಲೆ ಹಾಸುವ ಗಾಜಿನ ಉಣ್ಣೆ ಇನ್ನೂ ಕಟುಕ. ಅರ್ಧ ಮೀಟರಿಗಿಂತ ಹೆಚ್ಚು ಉದ್ದ ವೈರು ಅದರೊಳಗೆ ಪೂರ್ತಿ ಹೂತುಹೋದರೆ ಸಾಮರ್ಥ್ಯವನ್ನು ಅರ್ಧವೆಂದೇ ಹಿಡಿಯಬೇಕೆಂದು ಬ್ರಿಟನ್ನಿನ ವೈರಿಂಗ್ ನಿಯಮ ಹೇಳುತ್ತದೆ. ಚಳಿಗೆ ಅಟ್ಟದಲ್ಲಿ ಉಣ್ಣೆ ತುಂಬುವ ದೇಶಕ್ಕೆ ಆ ನಿಯಮದ ಅಗತ್ಯ ಹೆಚ್ಚು. ಅಲ್ಲಿ ಥರ್ಮೋಕೋಲ್ ತುಂಬಿದ ಮನೆಗಳಲ್ಲಿ ಇನ್ನೊಂದು ತೊಂದರೆಯೂ ಕಂಡಿತು. ತಾಗಿಕೊಂಡಿದ್ದ ಪಿವಿಸಿ ವೈರಿನ ಮೆದುಕಾರಕವನ್ನು ಥರ್ಮೋಕೋಲ್ ಹೀರಿ, ವೈರು ಬಿರುಸಾಯಿತು.

ಎಂಸಿಬಿ ಏಕೆ ಸುಮ್ಮನಿತ್ತು ಎಂಬ ಪ್ರಶ್ನೆ ಉಳಿಯಿತು. ಅದು ಎಣಿಸುವುದು ತನ್ನೊಳಗೆ ಹರಿಯುವ ಆಂಪಿಯರುಗಳನ್ನು. ಆ ದಿನ ಹರಿಯುತ್ತಿದ್ದದ್ದು 9ಕ್ಕೂ ಕಡಿಮೆ, ಎಂಸಿಬಿ ಇದ್ದದ್ದು 16ರದು. ಅದರ ಪಾಲಿಗೆ ಎಲ್ಲವೂ ಕ್ಷೇಮ. ಹತ್ತು ಮಾರು ಆಚೆ ಜಮಖಾನದ ಕೆಳಗೆ ವೈರು ಬೇಯುತ್ತಿರುವುದು ಅದಕ್ಕೆ ಗೊತ್ತಾಗುವ ಬಗೆಯಿಲ್ಲ. ಒಳಸುತ್ತುಗಳ ಹೊದಿಕೆ ಪೂರ್ತಿ ಕರಗಿ ತಾಮ್ರಕ್ಕೆ ತಾಮ್ರ ತಾಗಿದ್ದರೆ ಆಗ ಬೀಳುತ್ತಿತ್ತು. ಅಷ್ಟು ಹೊತ್ತಿಗೆ ಜಮಖಾನಕ್ಕೆ ಕಿಡಿ ತಾಗಿರುತ್ತಿತ್ತೋ ಏನೋ.

ಚಿಕ್ಕಪ್ಪ ಬಾಡಿಗೆಯವನಿಗೆ ರೀಲಿನ ಬೆಲೆ ಕಟ್ಟಿಕೊಟ್ಟರು. ತಮ್ಮ ಮನೆಗೆ ಹೊಸದೊಂದನ್ನು ಕೊಂಡರು. ಹೋದ ವಾರ ಹೋಗಿದ್ದಾಗ ಅದನ್ನು ಕೈಗೆತ್ತಿಕೊಂಡು ನೋಡಿದೆ. ಬದಿಗೆ ಅಂಟಿಸಿದ ಚೀಟಿಯಲ್ಲಿ, ಸೂಜಿಮೊನೆಯಂಥ ಅಕ್ಷರಗಳಲ್ಲಿ ಎರಡು ಅಂಕಿಗಳಿದ್ದವು. ಪೂರ್ತಿ ಬಿಚ್ಚಿದಾಗ 3000 ವ್ಯಾಟ್. ಸುತ್ತಿದ್ದಾಗ 1000.